ಕಾಡಂಚಿನ ಮನೆ: 30 ಮೀಟರ್ ಬೆಂಕಿ ರೇಖೆ ಇದ್ದರೆ ಸಾಕೇ?

ಬಯಲುಗಾಳಿ:
ಮನೆ ಸುತ್ತ 30 ಮೀಟರ್ ತೆರವು ಮಾಡಿದ್ದರೂ ಕಾಡ್ಗಿಚ್ಚಿಗೆ ಮನೆಗಳು ಸುಡುತ್ತವಲ್ಲ, ಯಾಕೆ? ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಏನು ಮಾಡಿಸಬೇಕು? ಬೆಂಕಿ ಆರಿಸಲು ಸರ್ಕಾರಗಳು ಇಷ್ಟು ಸುರಿದರೂ ಹಾನಿ ಏಕೆ ತಗ್ಗುತ್ತಿಲ್ಲ?

ಕಿಡಿಜಾಡು:
ಹೆಚ್ಚಿನ ಮನೆಗಳಿಗೆ ಬೆಂಕಿ ತಗಲುವುದು ಗಾಳಿಯಲ್ಲಿ ಹಾರಿಬರುವ ಕಿಡಿಗಳಿಂದ. ಬಿರುಗಾಳಿಯಿದ್ದರೆ ಅವು ಒಂದೆರಡು ಕಿಲೋಮೀಟರ್ ಸಲೀಸಾಗಿ ದಾಟುತ್ತವೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಕಾಡ್ಗಿಚ್ಚಿಗೆ ಸುಟ್ಟು 85 ಜನ ಸತ್ತರು. ಅಲ್ಲಿ ಎಷ್ಟೋ ಮನೆಗಳು ಬೂದಿಯಾಗಿದ್ದವು, ಪಕ್ಕದ ಮರಗಳು ಮಾತ್ರ ಹಸಿರಾಗಿಯೇ ನಿಂತಿದ್ದವು.

ಹಾಗಾಗಿ ಗೋಡೆಯಿಂದ ಶುರುಮಾಡಿ ಹೊರಕ್ಕೆ ಹೋಗಿ. ಮೊದಲ 1.5 ಮೀಟರಿನಲ್ಲಿ ಸುಡುವಂಥದ್ದು ಏನೂ ಬೇಡ: ಸೌದೆ, ತರಗೆಲೆ, ಕಿಟಕಿ ಕೆಳಗಿನ ಪೊದೆ ಎಲ್ಲ ತೆಗೆದು ಜಲ್ಲಿ ಹಾಕಿ. ಮಾಡಿನಂಚಿನಲ್ಲಿ ಮಳೆನೀರು ಹರಿಯುವ ದೋಣಿಯ ಒಣಎಲೆ ಬಾಚಿ. ಸೂರಿನಡಿಯ ಗಾಳಿಕಿಂಡಿಗೆ 3 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಲೋಹದ ಜಾಲರಿ ಬೇಕು. ಪ್ಲಾಸ್ಟಿಕ್ ಜಾಲರಿ ಬಿಸಿಗೆ ಕರಗಿ, ಕಿಡಿಗೆ ನೇರ ಅಟ್ಟಕ್ಕೇ ದಾರಿ ಬಿಡುತ್ತದೆ. ಮರದ ಬೇಲಿ ಗೋಡೆಗೆ ತಾಗಿದ್ದರೆ ಅದು ಬೆಂಕಿಗೆ ಬತ್ತಿಯೇ ಸರಿ. ಕೊನೆಯ ತುಂಡನ್ನು ಲೋಹಕ್ಕೆ ಬದಲಿಸಿ. ಇಷ್ಟು ಮಾಡಿದ ಮೇಲೆ ದೂರದ ಮರಗಳ ಮಾತು.

ಇಳಿಜಾರು:
ನೆಲ ಎತ್ತ ವಾಲಿದೆ ಎಂಬುದನ್ನು ನೋಡದೆ 30 ಮೀಟರ್ ಅನ್ನಬೇಡಿ. ಏರಿನಲ್ಲಿ ಪ್ರತಿ 10 ಡಿಗ್ರಿಗೆ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಏಕೆಂದರೆ ಜ್ವಾಲೆ ಮೇಲಿನ ಗಿಡಗಳತ್ತ ಬಾಗಿ ಅವನ್ನು ಮೊದಲೇ ಒಣಗಿಸುತ್ತದೆ. ಮನೆಯಿಂದ ತಗ್ಗಿನ ಕಡೆ ಇನ್ನಷ್ಟು ದೂರ ತೆರವು ಮಾಡಿ. ದೊಡ್ಡ ಮರಗಳ ಕೆಳಗೊಂಬೆಗಳನ್ನು 2 ಮೀಟರ್ ಎತ್ತರದವರೆಗೆ ಸವರಿ, ನೆಲದ ಬೆಂಕಿ ನೆತ್ತಿಗೆ ಏರದಿರಲಿ. ಆದರೆ ಮಣ್ಣು ಕಾಣುವಷ್ಟು ಕೆರೆಯುವುದು ತಪ್ಪು. ಬೇರು ಹೋದರೆ ಮುಂದಿನ ಮಳೆಗೆ ಇಳಿಜಾರೇ ಜಾರುತ್ತದೆ. ಹುಲ್ಲು 10 ಸೆಂಟಿಮೀಟರ್ ಉಳಿಯಲಿ. ಕತ್ತರಿಸುವ ಕೆಲಸ ಬೆಳಗ್ಗೆಯೇ ಮುಗಿಸಿ, ಬಿಸಿಲೇರಿದ ಮೇಲೆ ಬ್ಲೇಡು ಕಲ್ಲಿಗೆ ತಾಗಿದರೆ ಆ ಕಿಡಿಯೇ ಸಾಕು.

ಲೆಕ್ಕಪುಸ್ತಕ:
ಖರ್ಚಿನ ವಿಷಯ. ಅಮೆರಿಕದ ಅರಣ್ಯ ಸೇವೆ 1995ರಲ್ಲಿ ಬಜೆಟ್ಟಿನ ಶೇ. 16ರಷ್ಟನ್ನು ಬೆಂಕಿಗೆ ಖರ್ಚು ಮಾಡುತ್ತಿತ್ತು. 2015ಕ್ಕೆ ಅದು ಅರ್ಧ ದಾಟಿತು. ಒತ್ತಾದ ಕಾಡನ್ನು ತೆಳುಗೊಳಿಸಲು, ನೆಲದ ಒಣಕಸವನ್ನು ಮುಂಚೆಯೇ ಹದವರಿತು ಸುಡಲು ಇದ್ದ ಹಣಕ್ಕೇ ಕತ್ತರಿ ಬಿತ್ತು. ಎದ್ದ ಬೆಂಕಿಯನ್ನೆಲ್ಲ ಮರುದಿನ ಬೆಳಗ್ಗೆ 10ರೊಳಗೆ ಹತೋಟಿಗೆ ತರಬೇಕೆಂದು 1935ರಲ್ಲೇ ಅಲ್ಲಿ ನಿಯಮ ಮಾಡಿದ್ದರು. ಸಣ್ಣ ಬೆಂಕಿಗಳು ತಿನ್ನಬೇಕಾದ ಒಣಕಸ ದಶಕಗಟ್ಟಲೆ ಹಾಗೇ ಪೇರಿತು. ಗಾಳಿ ಬಿಸಿಯಾದಷ್ಟೂ ಆ ಕಸದ ತೇವವನ್ನು ಹೆಚ್ಚು ಹೀರುತ್ತದೆ.

ಆರಿಸುವ ಖರ್ಚು ಒಟ್ಟು ನಷ್ಟದ ಒಂದು ತುಣುಕಷ್ಟೇ. ಪ್ಯಾರಡೈಸಿನಲ್ಲಿ ನೆಲದಡಿಯ ನೀರಿನ ಕೊಳವೆಗಳಲ್ಲೂ ಬೆಂಜೀನ್ ಎಂಬ ಕ್ಯಾನ್ಸರ್ ತರುವ ರಾಸಾಯನಿಕ ಸಿಕ್ಕಿತು. ಕುದಿಸಿದರೂ ಆ ನೀರು ಕುಡಿಯಲು ಬರುತ್ತಿರಲಿಲ್ಲ.

ಬಯಲುಗಾಳಿ:
ಜಾಲರಿಯ ಕಣ್ಣು ಇನ್ನೂ ಸಣ್ಣದಾದರೆ ಒಳ್ಳೆಯದಲ್ಲವೇ?

ಕಿಡಿಜಾಡು:
ಕಿಡಿ ತಡೆಯಲು ಒಳ್ಳೆಯದೇ. ಆದರೆ ಧೂಳು, ಜೇಡರಬಲೆ ಬೇಗ ಕಟ್ಟಿಕೊಂಡು ಅಟ್ಟಕ್ಕೆ ಗಾಳಿಯಾಡುವುದಿಲ್ಲ, ತೇವ ನಿಂತು ಮರ ಕೊಳೆಯುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಬ್ರಷ್ ಹಾಕಿ ಉಜ್ಜುವವರಿದ್ದರೆ ಸಣ್ಣ ಕಣ್ಣಿನದನ್ನೇ ಹಾಕಿಸಿ.