ಪಂಚಮಿ ಕ್ರಿಕೆಟ್ಟಿಗೆ ತಂಡ ಹಂಚಿದ ಫಾರ್ವರ್ಡ್

ತಮ್ಮ: (ಫಾರ್ವರ್ಡ್) ಹುಟ್ಟಿದ ವರ್ಷದ ಪ್ರಕಾರ ತಲೆಮಾರುಗಳು: ಬೂಮರ್ 1946–64. ಜೆನ್ ಎಕ್ಸ್ 1965–80. ಮಿಲೇನಿಯಲ್ 1981–96. ಜೆನ್ ಝೀ 1997–2012.
ಪಂಚಮಿಗೆ ಎಲ್ಲರೂ ಊರಿಗೆ ಬರ್ತೀರಲ್ಲ. ಈ ಸಲ ಮಿಲೇನಿಯಲ್ ವಿರುದ್ಧ ಜೆನ್ ಝೀ ಮ್ಯಾಚ್!

ಗದಗ ಅಕ್ಕ: ನಾನು 96, ನನ್ನ ಬೆನ್ನಿಗೆ ಬಿದ್ದವಳು 98. ಒಂದೇ ಚಾದರದಲ್ಲಿ ಮಲಗಿ, ಒಂದೇ ಕೀಪ್ಯಾಡ್ ಫೋನಿಗೆ ಜಗಳಾಡಿ ಬೆಳೆದವರು. ಈಗ ಬೇರೆ ತಲೆಮಾರಾ?

ತಮ್ಮ: ನಾನು ಮಾಡಿದ್ದಲ್ಲ ಅಕ್ಕಾ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2019ರಲ್ಲಿ ಹೇಳಿದ್ದು.

ನಾನು: 96ಕ್ಕೇ ಯಾಕೆ ಗೆರೆ ಎಳೆದರು, ಓದಿದ್ದೀಯಾ? 2001ರ ಸೆಪ್ಟೆಂಬರ್ 11ರ ದಾಳಿ ನೆನಪಿರುವವರು ಆ ಕಡೆ, ನೆನಪಿಲ್ಲದವರು ಈ ಕಡೆ. ಸ್ಮಾರ್ಟ್‌ಫೋನ್ ಯಾವ ವಯಸ್ಸಿಗೆ ಸಿಕ್ಕಿತು ಅನ್ನೋದೂ ಲೆಕ್ಕದಲ್ಲಿದೆ. ಅದು ಅಲ್ಲಿನ ಮಕ್ಕಳ ಕತೆ. ನಮ್ಮ ಮನೆಯಲ್ಲಿ ನೆಟ್ ಧಾರಾಳ ಆಗಿದ್ದು 2016ರಲ್ಲಿ ಜಿಯೋ ಬಂದಮೇಲೆ. ಅಪ್ಪನೂ ನಾವೂ ಒಟ್ಟಿಗೇ ಕಲಿತೆವು. ಮತ್ತೆ ಅದೇ ಪ್ಯೂದವರು 2023ರಲ್ಲಿ, ಈ ಹಣೆಪಟ್ಟಿ ಇನ್ಮೇಲೆ ಕಡಿಮೆ ಬಳಸ್ತೀವಿ ಅಂದರು. ಆ ಫಾರ್ವರ್ಡ್ ಯಾರೂ ಕಳಿಸಲ್ಲ ನೋಡು.

ಹಾವೇರಿ ಕಾಕಾ: ನಾನು 1954, ಮುಂಬಯಿ ರಾಜ್ಯದಲ್ಲಿ ಹುಟ್ಟಿದವನು. ನಿಮ್ಮ ಅತ್ತಿ 57, ಮೈಸೂರು ರಾಜ್ಯ. ಕೋಣೆ ಅದೇ, ಸೂಲಗಿತ್ತಿ ಅವಳೇ.

ಧಾರವಾಡ ಅತ್ತಿ: ಬುದ್ಧಿ ಮಾತ್ರ ಬೇರೆ ಅಣ್ಣಾ 😄

ತಮ್ಮ: ಇಬ್ಬರೂ ಬೂಮರ್.

ಹಾವೇರಿ ಕಾಕಾ: ಬೈಗುಳ ಏನೋ ಅದು?

ತಮ್ಮ: ಅಲ್ಲ ಕಾಕಾ. ಮಹಾಯುದ್ಧ ಮುಗಿದಮೇಲೆ ಅಮೆರಿಕದಲ್ಲಿ ಮಕ್ಕಳು ಜಾಸ್ತಿ ಹುಟ್ಟಿದರು. 64ರ ಹೊತ್ತಿಗೆ ಇಳಿಯಿತು.

ಹಾವೇರಿ ಕಾಕಾ: ನಮ್ಮಲ್ಲಿ ಎಲ್ಲಿ ಇಳಿಯಿತು? ನಿಮ್ಮಜ್ಜಿ ಆಮೇಲೂ ಮೂವರನ್ನು ಹೆತ್ತಳು.

ಗದಗ ಅಕ್ಕ: 97 ಅಂದ್ರೆ ನಮಗೆ ಗದಗ, ಹಾವೇರಿ ಧಾರವಾಡದಿಂದ ಬೇರೆಯಾದ ವರ್ಷ. ನನ್ನ ಜನನ ಪತ್ರದಲ್ಲಿ ಧಾರವಾಡ ಜಿಲ್ಲೆ, ತಂಗಿಯದರಲ್ಲಿ ಗದಗ. ಡೀಸಿ ಆಫೀಸು ಹತ್ತಿರ ಆಯ್ತು, ಅಷ್ಟು ಖರೆ. ನಿನ್ನ ಗೆರೆಯಿಂದ ಏನು ಹತ್ತಿರ ಆಯ್ತು?

ಸಣ್ಣ ಕಾಕಾ: ನಾನು 99. ಹಿರಿಯರ ತಂಡಕ್ಕೆ ನಾನೇ ಕ್ಯಾಪ್ಟನ್.

ತಮ್ಮ: ನಾನು 95! ನಿಮಗಿಂತ ನಾಲ್ಕು ವರ್ಷ ದೊಡ್ಡವನು.

ಸಣ್ಣ ಕಾಕಾ: ಆದರೂ ಕಾಕಾ ಅಂತ ಬಾಯ್ತುಂಬ ಕರೀತೀಯಲ್ಲ. ಮೊನ್ನೆ ಗೃಹಪ್ರವೇಶದಲ್ಲಿ ಕಾಲಿಗೂ ಬಿದ್ದೆ.

ನಾನು: ಅಜ್ಜನ ಕೊನೆಯ ತಮ್ಮನ ಮಗ. ಈ ಮನೆಯಲ್ಲಿ ತಲೆಮಾರು ಹಾಗೇ ಎಣಿಸೋದು.

ಧಾರವಾಡ ಅತ್ತಿ: ಸುಮ್ನೆ ಲಗ್ನ ಆದವರು ಒಂದು ಕಡೆ, ಆಗದವರು ಒಂದು ಕಡೆ ಮಾಡಿ.

ಸಣ್ಣ ಕಾಕಾ: ಅಕ್ಕಾ, ನನ್ನ ನಿಶ್ಚಯ ಆಗಿದೆ, ಲಗ್ನ ದೀಪಾವಳಿ ಆದಮೇಲೆ. ನಾನು ಯಾವ ಕಡೆ?

ಹಾವೇರಿ ಕಾಕಾ: ಅಂಪೈರ್.