ಅಪ್‌ಡೇಟ್: ಸಬ್‌ವೂಫರ್ ಕೋನ್ ರಿಪೇರಿ ಆಯ್ತು

ಸ್ಕ್ರೂಡ್ರೈವರ್ ಜಾರಿ ಕಾರಿನ 12 ಇಂಚಿನ ಸಬ್‌ವೂಫರ್‌ನ (ಬೇಸ್ ಸದ್ದಿನ ಸ್ಪೀಕರ್) ಪೇಪರ್ ಕೋನ್ (ಅಲುಗಿ ಸದ್ದು ಹೊರಡಿಸುವ ಭಾಗ) ಹರಿದಿದ್ದಕ್ಕೆ ಪರಿಹಾರ ಕೇಳಿದ್ದೆ. ಕೈಹಿಡಿದದ್ದು ಫೆವಿಕಾಲ್ ಮತ್ತು ಟಿಶ್ಯೂ ಸಲಹೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಹರಿದ ಅಂಚುಗಳನ್ನು ಸರಿಯಾಗಿ ಕೂಡಿಸಿ, ಹಿಂದೆ ಮುಂದೆ ಒಂದೊಂದೇ ಪದರ ಟಿಶ್ಯೂ ಅಂಟಿಸಿ 24 ಗಂಟೆ ಒಣಗಿಸಿದೆ. ದಪ್ಪ ಹಚ್ಚಬೇಡಿ, ಕೋನ್ ಭಾರವಾಗುತ್ತೆ. ಈಗ ವಾಲ್ಯೂಮ್ ಏರಿಸಿದರೂ ಪರಪರ ಸದ್ದಿಲ್ಲ.

ಸೂಪರ್‌ಗ್ಲೂ ಆಗಲಿಲ್ಲ. ಅದು ಕಲ್ಲಿನಂತೆ ಗಟ್ಟಿಯಾಗಿ, ಕೋನ್ ಅಲುಗಿದಾಗ ಅಂಚಲ್ಲೇ ಬಿರುಕು ಬಿಟ್ಟಿತು. ಟೇಪ್ ಕಾರಿನ ಬಿಸಿಗೇ ಎದ್ದುಬಂತು. ಕೋನ್ ಸುತ್ತಲಿನ ರಬ್ಬರ್ ಹರಿದಿದ್ದರೆ ಮಾತ್ರ ಫೆವಿಕಾಲ್ ಸಾಲದು, ಒಣಗಿದ ಮೇಲೂ ಬಾಗುವ ರಬ್ಬರ್ ಅಂಟೇ ಬೇಕು.

ಆಶ್ಚರ್ಯ ಅಂದ್ರೆ, ಸ್ಕ್ರೂಡ್ರೈವರ್ ಜಾರಲು ಕಾರಣ ಪೈಲಟ್ ತೂತು (ಸ್ಕ್ರೂ ಹಾಕುವ ಮೊದಲು ಕೊರೆಯುವ ಸಣ್ಣ ತೂತು) ಇಲ್ಲದಿದ್ದದ್ದು. 4 ಮಿ.ಮೀ. ಸ್ಕ್ರೂಗೆ ಎಂಡಿಎಫ್ ಹಲಗೆಯಲ್ಲಿ (ಮರದ ನಾರು ಒತ್ತಿ ಮಾಡಿದ್ದು) 3 ಮಿ.ಮೀ. ತೂತು ಮೊದಲೇ ಕೊರೆಯಿರಿ. ಕೋನ್ ಮೇಲೆ ರಟ್ಟು ಮುಚ್ಚಿ, ಕೊನೆಯ ಸುತ್ತುಗಳನ್ನು ಕೈಯಲ್ಲೇ, ಎದುರುಬದುರು ಇರುವ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಬಿಗಿಮಾಡಿ.