ಡಿವಿಡಿ ಮಾಡಿದ್ರೆ 16:9 ವಿಡಿಯೋ ಉದ್ದುದ್ದ ಕಾಣ್ತಿದೆ, ಏನ್ ಮಾಡ್ಬೇಕು?

ಬಡಗುತಿಟ್ಟು:
ಎಲ್ರಿಗೂ ನಮಸ್ಕಾರ. ನಮ್ಮೂರಿನ ಬಯಲಾಟ ಪೂರ್ತಿ ರೆಕಾರ್ಡ್ ಮಾಡಿದ್ದೆ, 1920×1080, 25 ಫ್ರೇಮ್. ಪೆನ್‌ಡ್ರೈವಲ್ಲಿ ಕೊಡೋಣ ಅಂದ್ರೆ ಊರಲ್ಲಿ ಹಿರಿಯರ ಮನೇಲಿ ಇನ್ನೂ ಡಿವಿಡಿ ಪ್ಲೇಯರೇ ಇರೋದು, ಅವ್ರಿಗೆ ಡಿಸ್ಕೇ ಬೇಕಂತೆ. ಎಡಿಟ್ ಮಾಡಿ ಎಂಪೆಗ್-2 (ಡಿವಿಡಿ ಓದೋ ವಿಡಿಯೋ ರೂಪ) ತೆಗೆದು ಡಿವಿಡಿ ಸ್ಟೈಲರ್ ಅನ್ನೋ ಡಿಸ್ಕ್ ತಯಾರಿಸೋ ಸಾಫ್ಟ್‌ವೇರ್‌ಗೆ ಹಾಕಿ ಬರ್ನ್ ಮಾಡ್ದೆ. ದೊಡ್ಡಪ್ಪನ ಮನೆ ಎಲ್‌ಸಿಡಿ ಟಿವೀಲಿ ಹಾಕಿದ್ರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ, ಮಧ್ಯ ವೇಷಗಳೆಲ್ಲ ಉದ್ದಕ್ಕೆ ಸಪೂರ. ಬಣ್ಣದ ವೇಷ ಬಂದಾಗ ದೊಡ್ಡಪ್ಪ "ಇದೆಂಥದಾ, ರಕ್ಕಸಂಗೆ ಊಟ ಹಾಕ್ಲಿಲ್ವಾ ಯಾರೂ" ಅಂತ ನಗಾಡಿದ್ರು. ಆದ್ರೆ ಅದೇ ಡಿಸ್ಕಿನ ವಿಒಬಿ ಫೈಲನ್ನ (ವಿಡಿಯೋ ಇರೋ ಫೈಲು) ಲ್ಯಾಪ್‌ಟಾಪಲ್ಲಿ ವಿಎಲ್‌ಸಿಲಿ ಓಪನ್ ಮಾಡಿದ್ರೆ ಸರಿಯಾಗೇ ಇದೆ! ರೆಸಲ್ಯೂಷನ್ 720×576 ಅಂತ ತೋರಿಸ್ತಿದೆ, ಅದು 16:9 ಅಲ್ವಲ್ಲ, 1024×576 ಮಾಡಿ ಕೊಡ್ಬೇಕಿತ್ತಾ?

ಸುಮ್ನೆ ಒಬ್ಬ:
ಸಿಂಪಲ್ ಗುರು, ಪ್ರಾಜೆಕ್ಟ್ 4:3 (ಹಳೇ ಟಿವಿ ಆಕಾರ) ಇಟ್ಕೊಂಡು ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಎಕ್ಸ್‌ಪೋರ್ಟ್ ಮಾಡ್ಬಿಡು, ಯಾವ್ ಟಿವೀಲಿ ಹಾಕಿದ್ರೂ ಶೇಪ್ ಕೆಡಲ್ಲ.

ಟೈಮ್‌ಲೈನ್:
ಅಯ್ಯೋ ಹಾಗ್ ಮಾಡ್ಬೇಡಿ. ಶೇಪ್ ಕೆಡಲ್ಲ ನಿಜ, ಆದ್ರೆ 576 ಗೆರೇಲಿ ಚಿತ್ರಕ್ಕೆ ಸಿಗೋದು 432 ಅಷ್ಟೇ, ಉಳಿದಿದ್ದು ಕಪ್ಪು ಬಣ್ಣಕ್ಕೆ ದಾನ. ಅದೂ ಅಲ್ದೆ ಅಗಲ ಟಿವೀಲಿ ಹಾಕಿದ್ರೆ ನಾಲ್ಕೂ ಕಡೆ ಪಟ್ಟಿ ಬಂದು ಮಧ್ಯ ಸಣ್ಣ ಚಿತ್ರ ಉಳಿಯುತ್ತೆ. ಆ ಕೆಲ್ಸ ಡಿವಿಡಿಗಿಂತ ಹಳೇ ವಿಸಿಡಿಗೆ ಬೇಕಾಗಿತ್ತು, ಯಾಕಂದ್ರೆ ವಿಸಿಡಿಲಿ ಅಗಲ ಪರದೆ ಅನ್ನೋ ವ್ಯವಸ್ಥೆನೇ ಇಲ್ಲ, 352×288ರೊಳಗೆ ಪಟ್ಟಿ ಹಾಕ್ಲೇಬೇಕು. ಡಿವಿಡಿಗೆ ಬೇಡ.

1024×576ನ್ನ ಡಿವಿಡಿ ಒಪ್ಪಲ್ಲ. ನಮ್ಮ ಪಾಲ್ (ನಮ್ಮ ಕಡೆ ಟಿವಿ ಪದ್ಧತಿ) ಡಿವಿಡಿಲಿ 4:3 ಇರ್ಲಿ 16:9 ಇರ್ಲಿ ಪೂರ್ತಿ ಫ್ರೇಮ್ 720×576ನೇ. 720ನ್ನ 576ರಿಂದ ಭಾಗಿಸಿ ನೋಡಿ, 1.25 ಬರುತ್ತೆ, ಅದು ಇವೆರಡ್ರಲ್ಲಿ ಯಾವ್ದೂ ಅಲ್ಲ. ಅಂದ್ರೆ ಇಲ್ಲಿ ಪಿಕ್ಸೆಲ್ ಚೌಕ ಅಲ್ಲ. ಅಗಲದ ಚಿತ್ರನ ಒತ್ತರಿಸಿ 720ರೊಳಗೆ ತುಂಬಿರ್ತಾರೆ, ತೋರಿಸುವಾಗ ಎಷ್ಟು ಹಿಗ್ಗಿಸ್ಬೇಕು ಅಂತ ಒಂದು ಫ್ಲ್ಯಾಗ್ ಹೇಳುತ್ತೆ. ನಿಮ್ ಕಿತಾಪತಿ ಇರೋದು ಆ ಫ್ಲ್ಯಾಗಲ್ಲೇ, ಅದು ಎರಡು ಕಡೆ ಇರುತ್ತೆ, ಒಂದು ಎಂಪೆಗ್-2 ವಿಡಿಯೋ ಒಳಗೆ, ಇನ್ನೊಂದು ಡಿಸ್ಕಿನ ಐಎಫ್‌ಒ ಫೈಲಲ್ಲಿ (ಪ್ಲೇಯರ್‌ಗೆ ಡಿಸ್ಕಿನ ವಿವರ ಹೇಳೋ ಫೈಲು). ವಿಎಲ್‌ಸಿಲಿ ಬರೀ ವಿಒಬಿ ತೆಗೆದಾಗ ಅದು ವಿಡಿಯೋ ಒಳಗಿನ ಫ್ಲ್ಯಾಗ್ ನೋಡಿ 16:9 ತೋರಿಸ್ತು, ಪ್ಲೇಯರ್ ಐಎಫ್‌ಒ ನಂಬುತ್ತೆ, ಅಲ್ಲಿ 4:3 ಅಂತ ಬರ್ದಿರ್ಬೇಕು. ಡಿವಿಡಿ ಸ್ಟೈಲರಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ್ಲೇ ಆಸ್ಪೆಕ್ಟ್ ರೇಷಿಯೋ (ಚಿತ್ರದ ಅಗಲ-ಎತ್ತರದ ಅನುಪಾತ) ಕೇಳುತ್ತೆ, ಅಲ್ಲಿ 16:9 ಆರಿಸಿ, ಆಮೇಲೆ ಟೈಟಲ್‌ಸೆಟ್ಟಲ್ಲೂ (ಡಿಸ್ಕಿನ ವಿಡಿಯೋಗಳ ಗುಂಪು) 16:9 ಇದ್ಯಾ ನೋಡ್ಕೊಳ್ಳಿ. ವಿಡಿಯೋನ ಮತ್ತೆ ಎನ್‌ಕೋಡ್ ಮಾಡೋದು ಬೇಡ, ಹಾಗೇ ಬಿಡಿ.

ಡಬ್ಬಾ ಟಿವಿ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಮತ್ತೆ ಬರ್ನ್ ಮಾಡೋ ಮುಂಚೆ ಒಂದು ಪರೀಕ್ಷೆ ಮಾಡಿ ಮಾರಾಯ್ರೆ. ಅದೇ ಪ್ಲೇಯರ್‌ಗೆ ಅಂಗಡೀಲಿ ತಂದ ಯಾವ್ದಾದ್ರೂ ಅಗಲ ಪರದೆ ಸಿನಿಮಾ ಡಿಸ್ಕ್ ಹಾಕಿ. ಅದು ಸರಿ ಕಂಡ್ರೆ ತಪ್ಪು ನಿಮ್ ಡಿಸ್ಕಲ್ಲಿ, ಅದೂ ಉದ್ದ ಕಂಡ್ರೆ ಸೆಟ್ಟಿಂಗಲ್ಲಿ. ಪ್ಲೇಯರ್ ಸೆಟಪ್‌ನಲ್ಲಿ ಟಿವಿ ಟೈಪ್ ಅಂತ ಇರುತ್ತೆ, 4:3 ಪ್ಯಾನ್ ಸ್ಕ್ಯಾನ್ (ಅಕ್ಕಪಕ್ಕ ಕತ್ತರಿಸೋದು), 4:3 ಲೆಟರ್‌ಬಾಕ್ಸ್ (ಮೇಲೆ ಕೆಳಗೆ ಪಟ್ಟಿ), 16:9 ಅಂತ. ಎಲ್‌ಸಿಡಿ ಮನೇಲಿ 16:9, ಹಳೇ ಡಬ್ಬಾ ಟಿವಿ ಮನೇಲಿ ಲೆಟರ್‌ಬಾಕ್ಸ್, ಆಗ ಪಟ್ಟಿಗಳನ್ನ ಪ್ಲೇಯರೇ ಹಾಕ್ಕೊಳ್ಳುತ್ತೆ. ಡಬ್ಬಾ ಟಿವಿಗೆ 16:9 ಇಟ್ಟಿದ್ರೆ ಎಷ್ಟೇ ಚೆನ್ನಾಗ್ ಮಾಡಿದ ಡಿಸ್ಕೂ ಸಪೂರವೇ. ಇನ್ನೊಂದು, ಹಳದಿ ಕೆಂಪು ಬಿಳಿ ವೈರಲ್ಲಿ ಕನೆಕ್ಟ್ ಮಾಡಿದ್ರೆ ಚಿತ್ರ ಅಗಲದ್ದಾ ಅಲ್ವಾ ಅಂತ ಟಿವಿಗೆ ಸಾಮಾನ್ಯವಾಗಿ ಗೊತ್ತಾಗಲ್ಲ, ರಿಮೋಟಲ್ಲಿ ಪಿಕ್ಚರ್ ಸೈಜ್ ನಾವೇ 16:9ಗೆ ಇಡ್ಬೇಕು. ಊರಿಗೆಲ್ಲ ಹಂಚೋದಾದ್ರೆ ಕವರ್ ಮೇಲೆ ಈ ಎರಡು ಲೈನ್ ಬರ್ದು ಕೊಡಿ, ಇಲ್ಲಾಂದ್ರೆ ಮನೆಮನೆಗೆ ನೀವೇ ಓಡಾಡ್ಬೇಕು.

ಬಡಗುತಿಟ್ಟು:
ಸಿನಿಮಾ ಡಿಸ್ಕ್ ಸರಿಯಾಗೇ ಬಂತು, ಹಾಗಾಗಿ ಹೊಸ ಪ್ರಾಜೆಕ್ಟಲ್ಲಿ 16:9 ಇಟ್ಟು ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ) ಡಿಸ್ಕಿಗೆ ಹಾಕಿ ನೋಡ್ದೆ, ಪರದೆ ತುಂಬಾ ಬರ್ತಿದೆ, ವೇಷಗಳೂ ದಷ್ಟಪುಷ್ಟ ಆದ್ವು. ಥ್ಯಾಂಕ್ಸ್. ಇದ್ರ ಜೊತೆ ಹಳೇ ವಿಎಚ್‌ಎಸ್ ಕ್ಯಾಸೆಟ್ಟಿಂದ ಇಳಿಸಿದ ಒಂದು ಆಟದ ತುಣುಕೂ ಅದೇ ಡಿಸ್ಕಲ್ಲಿ ಹಾಕ್ಬೇಕು, ಅದು 4:3. ಅದನ್ನ ಎಳೆದು 16:9 ಮಾಡ್ಲಾ?

ಟೈಮ್‌ಲೈನ್:
ಎಳೆದ್ರೆ ಈಗ ಭಾಗವತರು ಕುಳ್ಳಗೆ ದಪ್ಪಗೆ ಕಾಣ್ತಾರೆ. ಬೇರೆ ಟೈಟಲ್‌ಸೆಟ್ ಆಡ್ ಮಾಡಿ ಅದಕ್ಕೆ 4:3 ಕೊಡಿ, ಒಂದು ಟೈಟಲ್‌ಸೆಟ್ಟಿಗೆ ಒಂದೇ ರೇಷಿಯೋ ಇರೋದು, ಎರಡನ್ನೂ ಒಂದ್ರಲ್ಲೇ ತುರುಕಿದ್ರೆ ಒಂದಂತೂ ಹಾಳಾಗುತ್ತೆ. ಮೆನುಗೂ ಅದ್ರದ್ದೇ ರೇಷಿಯೋ ಇದೆ, ಅದನ್ನೂ 16:9 ಮಾಡಿ, ಮೆನುವಿನ ಅಕ್ಷರ ಅಂಚಿಗೆ ತೀರಾ ಹತ್ರ ಇಡ್ಬೇಡಿ, ಹಳೇ ಟಿವಿಗಳು ಸುತ್ತಲೂ ಸ್ವಲ್ಪ ಕತ್ತರಿಸ್ತವೆ.

ಅಂದಹಾಗೆ ರಾತ್ರಿಪೂರ್ತಿ ಆಟನ ಒಂದೇ 4.7 ಜಿಬಿ ಡಿಸ್ಕಿಗೆ ಹಾಕ್ತಿದ್ದೀರಾ?

ಬಡಗುತಿಟ್ಟು:
ಹೌದು, ಆರು ಗಂಟೆದು. ಕುಣಿಯುವಾಗ ಚೌಕ ಚೌಕ ಒಡೀತಿದೆ, ಅದನ್ನ ಆಮೇಲೆ ಕೇಳೋಣ ಅಂತಿದ್ದೆ 😅

ಟೈಮ್‌ಲೈನ್:
ಎರಡು ಗಂಟೆಗೊಂದು ಡಿಸ್ಕ್ ಮಾಡಿ, ಆಗ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಡೇಟಾ ಸಿಗುತ್ತೆ. ಆರು ಗಂಟೆ ತುಂಬಿದ್ರೆ 2ಕ್ಕೂ ಕಮ್ಮಿ, ಯುದ್ಧದ ಕುಣಿತಕ್ಕೆ ಅದು ಎಲ್ಲಿ ಸಾಕಾಗುತ್ತೆ. ಪ್ರಸಂಗದ ಮಧ್ಯೆ ಡಿಸ್ಕ್ ಬದಲಾಯಿಸೋ ಜಾಗನ ದೊಡ್ಡಪ್ಪನ್ನೇ ಕೇಳಿ ಇಡಿ.